ನಾಗಪುರದಿಂದ ಕಾಶಿಗೆ ಒಂದೇ ದಿನ ಅಂತ ಹೊರಡೋ ಮುಂಚೆ

ನಾನು 29 ವರ್ಷ ಬಸ್ಸು ಓಡಿಸಿ ರಿಟೈರ್ ಆದವನು. ಅದರಲ್ಲಿ 11 ವರ್ಷ ಹೈದರಾಬಾದ್ ರೂಟು. ಊರು ಚಿಕ್ಕಬಳ್ಳಾಪುರ. ನಮ್ಮೂರ ಮಗ್ಗುಲಲ್ಲೇ ಹಾದುಹೋಗುವ 44ನೇ ನಂಬರ್ ಹೈವೇ ಹಿಡಿದು ಉತ್ತರಕ್ಕೆ ತಿರುಗಿದರೆ ಬಾಗೇಪಲ್ಲಿ, ಪೆನುಕೊಂಡ, ಅನಂತಪುರ, ಗುತ್ತಿ, ಕರ್ನೂಲು, ಜಡಚರ್ಲಾ. ಎಲ್ಲಿ ಹಂಪ್ಸ್ ಇದೆ, ಯಾವ ಹೋಟೆಲ್ಲಿನ ಕಾಫಿಯಲ್ಲಿ ಚಿಕೋರಿ ಜಾಸ್ತಿ ಅನ್ನೋದನ್ನ ಕಣ್ಣು ಮುಚ್ಚಿಕೊಂಡು ಹೇಳ್ತೀನಿ. (ಡ್ರೈವರ್ ಆದವನು ಆ ಮಾತು ಆಡಬಾರದು, ಇರಲಿ.)

ಈ ಹಮ್ಮು ತಲೆಯಲ್ಲಿಟ್ಟುಕೊಂಡೇ ಹೋದ ಜನವರಿಯಲ್ಲಿ ಅಮ್ಮನಿಗೆ ಕಾಶಿ ತೋರಿಸೋಣ ಅಂತ ಹೊರಟೆ. ಅಮ್ಮನಿಗೆ 80 ದಾಟಿದೆ. ರೈಲಿನಲ್ಲಿ ಕಳಿಸ್ತೀವಿ ಅಂದರೆ "ಎಲ್ಲರೂ ಬಂದರೆ ಬರ್ತೀನಿ, ನನ್ನೊಬ್ಬಳನ್ನ ಪಾರ್ಸಲ್ ಮಾಡಬೇಡ" ಅಂದರು. ಸರಿ, ಒಂದು ಎರ್ಟಿಗಾದಲ್ಲಿ ಏಳು ಜನ: ಅಮ್ಮ, ನಾನು, ನಮ್ಮ ಮನೆಯವರು, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ. ಮೊದಲ ರಾತ್ರಿ ಹೈದರಾಬಾದ್ ದಾಟಿ ಮೇಡ್ಚಲ್‌ನಲ್ಲಿ, ಎರಡನೇ ರಾತ್ರಿ ನಾಗಪುರದಲ್ಲಿ. ಎರಡು ದಿನವೂ ಹೂವೆತ್ತಿದ ಹಾಗೆ ಆಯಿತು. ಅಷ್ಟಾಗಿದ್ದಕ್ಕೇ ಮೂರನೇ ದಿನ ನಾಗಪುರದಿಂದ ಕಾಶಿಗೆ ಒಂದೇ ಏಟಿಗೆ ಹೋಗಿಬಿಡೋಣ ಅಂತ ನಾನೇ ತೀರ್ಮಾನ ಮಾಡಿದೆ. ಯಾರನ್ನೂ ಕೇಳಲಿಲ್ಲ.

ಆ ರಾತ್ರಿ ಒಂಬತ್ತು ಮುಕ್ಕಾಲಿಗೆ, ಕಾಶಿ ಇನ್ನೂ 300 ಕಿಲೋಮೀಟರ್ ಇರುವಾಗಲೇ, ಮೈಹರ್ ಅನ್ನೋ ಊರಿನ ಲಾಡ್ಜ್ ಮುಂದೆ ಗಾಡಿ ನಿಂತಿತು. ಏಳು ಜನರಲ್ಲಿ ಬಾಯಿ ಬಿಡುವ ಸ್ಥಿತಿಯಲ್ಲಿದ್ದವನು ಮೊಮ್ಮಗ ಒಬ್ಬನೇ. ಅವನೂ ಅಳುತ್ತಿದ್ದ.

ಇಂಥ ದಿನವನ್ನ ಹೇಗೆ ನಿಭಾಯಿಸಬೇಕು ಅನ್ನೋದು ನನಗೆ ಗೊತ್ತಾಗಿದ್ದು ಆ ದಿನ ಎಲ್ಲವನ್ನೂ ತಪ್ಪು ಮಾಡಿ. ಬೆಳಗಿನಿಂದ ಒಂದೊಂದಾಗಿ ಹೇಳ್ತೀನಿ.

ಹಿಂದಿನ ರಾತ್ರಿಯ ಲೆಕ್ಕ

ನಾಗಪುರದಿಂದ ಕಾಶಿಗೆ ದಾರಿ ಹೀಗೆ: ಪೆಂಚ್ ಕಾಡಿನ ಮೂಲಕ ಸಿವನಿ, ಲಖನಾದೌನ್, ಅಲ್ಲಿಂದ ಬಲಕ್ಕೆ ಜಬಲ್‌ಪುರ, ಕಟನಿ, ಮೈಹರ್, ರೀವಾ, ಮಿರ್ಜಾಪುರ, ಕಾಶಿ. ಹತ್ತಿರ ಹತ್ತಿರ 750 ಕಿಲೋಮೀಟರ್. ಫೋನಿನ ಮ್ಯಾಪು ಹದಿಮೂರು ಗಂಟೆ ಚಿಲ್ಲರೆ ತೋರಿಸಿತು. ಬೆಳಗ್ಗೆ ಐದಕ್ಕೆ ಬಿಟ್ಟರೆ ರಾತ್ರಿ ಏಳಕ್ಕೆ ಗಂಗಾರತಿ ಅಂತ ನಾನು ಜಂಬ ಕೊಚ್ಚಿದೆ.

ಮ್ಯಾಪಿಗೆ ಗೊತ್ತಿರೋದು ಗಾಡಿ ಮಾತ್ರ. ಗಾಡಿಯೊಳಗೆ ಯಾರಿದ್ದಾರೆ ಅದಕ್ಕೇನು ಗೊತ್ತು? ನಮ್ಮ ಡಿಪೋದಲ್ಲಿ ಒಂದು ಶೆಡ್ಯೂಲ್ ಬರೆಯುವಾಗ ಓಡುವ ಸಮಯ ಬೇರೆ, ಸ್ಟಾಪಿನ ಸಮಯ ಬೇರೆ ಹಾಕುತ್ತಿದ್ದರು. ಊಟದ ನಿಲುಗಡೆ ಬೇರೆ. ಅದನ್ನ ನೋಡಿಕೊಂಡೇ ಬದುಕಿದ ನಾನು ಮನೆಯ ಗಾಡಿಗೆ ಮಾತ್ರ ಸ್ಟಾಪೇ ಇಲ್ಲ ಅನ್ನೋ ಹಾಗೆ ಲೆಕ್ಕ ಹಾಕಿದೆ.

ಈಗ ನನ್ನ ಲೆಕ್ಕ ಇದು: ವಯಸ್ಸಾದವರು, ಮಕ್ಕಳು ಇಬ್ಬರೂ ಇದ್ದರೆ ಮ್ಯಾಪು ತೋರಿಸಿದ ಸಮಯಕ್ಕೆ ಅದರ ಅರ್ಧ ಸೇರಿಸಿ. ಎಂಟು ಗಂಟೆ ಅಂದರೆ ಹನ್ನೆರಡು. ಹದಿಮೂರು ಅಂದರೆ ಹತ್ತೊಂಬತ್ತೂವರೆ, ಅಂದರೆ ಅದು ಒಂದು ದಿನದ ದಾರಿಯೇ ಅಲ್ಲ. ಟೀ ಕುಡಿಯೋಕೆ ಹತ್ತು ನಿಮಿಷ ಅಂತೀವಿ. ಅಮ್ಮನ ಕಾಲು ಕೆಳಗಿಡಿಸಿ, ಚಪ್ಪಲಿ ಹುಡುಕಿ, ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬಂದು, ಮೊಮ್ಮಗನಿಗೆ ಬಿಸ್ಕತ್ತು ಕೊಡಿಸಿ, ಎಲ್ಲರೂ ಮತ್ತೆ ಹತ್ತಿ ಬಾಗಿಲು ಹಾಕೋ ಹೊತ್ತಿಗೆ 25 ನಿಮಿಷ. ನಾನು ವಾಚ್ ನೋಡಿದ್ದೀನಿ. ದಿನಕ್ಕೆ ಐದು ಸಲ ನಿಂತರೆ ಎರಡು ಗಂಟೆ ಅಲ್ಲೇ ಹೋಯಿತು.

ನಾವು ಡ್ಯೂಟಿಯಲ್ಲಿದ್ದಾಗ ಯೂನಿಯನ್ನಿನ ಹಿರಿಯರು ಒಂದು ವಿಷಯ ಬಾಯಿಪಾಠ ಮಾಡಿಸಿದ್ದರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಬರೆದಿತ್ತು. 5 ಗಂಟೆ ಆದಮೇಲೆ ಕಡಿಮೆ ಅಂದರೂ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕು ಅಂತಲೂ ಇತ್ತು. ಸಂಬಳ ತಗೊಂಡು ಓಡಿಸುವವನಿಗೇ ಈ ಮಿತಿ. ಸಂಬಳ ಇಲ್ಲದೆ ಮನೆಯವರನ್ನ ಓಡಿಸುವವನು ಅದಕ್ಕಿಂತ ಹೆಚ್ಚು ಎಳೆಯುತ್ತೀನಿ ಅನ್ನೋದು ಯಾವ ನ್ಯಾಯ? ಇಬ್ಬರು ಡ್ರೈವರ್ ಇದ್ದರೂ ದಿನಕ್ಕೆ 450 ಕಿಲೋಮೀಟರ್‌ಗಿಂತ ಮೇಲೆ ಇಟ್ಟುಕೊಳ್ಳಬೇಡಿ. ಒಬ್ಬರೇ ಆದರೆ 350 ಸಾಕು.

ಇನ್ನೊಂದು ಲೆಕ್ಕ ಯಾರೂ ಹಾಕೋದಿಲ್ಲ: ಹೊತ್ತು ಮುಳುಗೋದು. ಜನವರಿ ಮೊದಲ ವಾರ ನಮ್ಮೂರಲ್ಲಿ ಆರು ದಾಟಿದ ಮೇಲೆ ಸೂರ್ಯ ಮುಳುಗಿದರೆ ಮೈಹರ್, ರೀವಾ ಕಡೆ ಐದೂವರೆಗೇ ಮುಳುಗುತ್ತಾನೆ. ಉತ್ತರಕ್ಕೂ ಪೂರ್ವಕ್ಕೂ ಹೋದಂತೆಲ್ಲ ಸಂಜೆ ನಮ್ಮಿಂದ ಕದ್ದುಕೊಂಡ ಹಾಗೆ. ನಾಗಪುರದಲ್ಲಿ ಬೆಳಕಾಗೋದು ಏಳು ಗಂಟೆ ಹತ್ತಿರ. ಅಂದರೆ ಕೈಗೆ ಸಿಗುವ ಬೆಳಕೇ ಹತ್ತೂವರೆ ಗಂಟೆ. ಚಳಿಗಾಲದಲ್ಲಿ ಹೋಗುವವರು ಈ ಹತ್ತೂವರೆ ಗಂಟೆಯೊಳಗೆ ನಿಲ್ಲುವ ಊರು ಯಾವುದು ಅಂತ ಮೊದಲೇ ಗುರುತು ಮಾಡಿಕೊಳ್ಳಿ.

ಐದಕ್ಕೆ ಅಂದದ್ದು ಏಳು ನಲವತ್ತು

ಎರಡು ರೂಮು, ಎರಡು ಬಾತ್‌ರೂಮು, ಏಳು ಜನ. ಗೀಸರ್ ಸಣ್ಣದು, ಒಬ್ಬರ ಸ್ನಾನ ಆದಮೇಲೆ ನೀರು ಕಾಯೋಕೆ ಕಾಲು ಗಂಟೆ. ಚಳಿಗೆ ಮಕ್ಕಳು ಹೊದಿಕೆ ಬಿಟ್ಟು ಏಳಲಿಲ್ಲ. ಏಳು ಗಂಟೆಗೆ ಅಮ್ಮ ಇನ್ನೂ ಕೂದಲು ಒರೆಸಿಕೊಳ್ಳುತ್ತಿದ್ದರು. ನಾನು ಕೆಳಗೆ ಗಾಡಿ ಹತ್ತಿರ ನಿಂತು, ಡಿಪೋ ಗೇಟಿನಲ್ಲಿ ಕಂಡಕ್ಟರ್‌ಗೆ ಕಾದ ಹಾಗೆ, ಒಳಗೊಳಗೇ ಕುದಿಯುತ್ತಿದ್ದೆ.

ಇದಕ್ಕೆ ಔಷಧಿ ಸುಲಭ. ದೊಡ್ಡವರಲ್ಲಿ ಆದವರೆಲ್ಲ ಹಿಂದಿನ ರಾತ್ರಿಯೇ ಸ್ನಾನ ಮುಗಿಸಿ. ಬೆಳಗಿನ ಬಿಸಿನೀರು ಹಿರಿಯರಿಗೆ ಮೀಸಲು. ಮಕ್ಕಳು ಮಲಗುವಾಗಲೇ ಮಾರನೇ ದಿನದ ಬಟ್ಟೆ ಹಾಕಿಕೊಂಡು ಮಲಗಲಿ, ಯಾರೂ ಕೇಸು ಹಾಕಲ್ಲ. ರಾತ್ರಿಯ ಬ್ಯಾಗು ಬೇರೆ, ಗಾಡಿಯ ಬ್ಯಾಗು ಬೇರೆ ಮಾಡಿ: ಏಳು ಜನರ ಒಂದು ರಾತ್ರಿಗೆ ಬೇಕಾದ ಬಟ್ಟೆ, ಟವೆಲ್, ಬ್ರಷ್ ಎಲ್ಲ ಒಂದೇ ಬ್ಯಾಗಿನಲ್ಲಿ, ಲಾಡ್ಜಿಗೆ ಅದೊಂದೇ ಇಳಿಯಬೇಕು. ಎರ್ಟಿಗಾದಲ್ಲಿ ಮೂರನೇ ಸಾಲಿನ ಸೀಟು ಎತ್ತಿದರೆ ಹಿಂದೆ ಉಳಿಯೋದು ಅಂಗೈಯಗಲ ಜಾಗ. ಸೂಟ್‌ಕೇಸ್ ತಂದರೆ ಕೆಟ್ಟಿರಿ. ಮೆತ್ತನೆ ಬಟ್ಟೆ ಬ್ಯಾಗುಗಳಾದರೆ ಸೀಟಿನ ಸಂದಿಗೂ ಹೋಗುತ್ತವೆ, ಹಿಂದೆ ಕೂತವರಿಗೆ ದಿಂಬೂ ಆಗುತ್ತವೆ.

ಹೊರಡೋ ಮುಂಚೆ ಚಕ್ರದ ಗಾಳಿ ನೋಡಿಸಿ, ಟೈರು ತಣ್ಣಗಿರುವಾಗ. ಏಳು ಜನ ಕೂತಾಗ ಎಷ್ಟಿರಬೇಕು ಅನ್ನೋದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲೇ ಇರುತ್ತೆ. ಇಬ್ಬರಿಗೆ ಬೇರೆ, ಫುಲ್ ಲೋಡಿಗೆ ಬೇರೆ. ಟ್ಯಾಂಕು ತುಂಬಿಸಿ. ಟೋಲಿನದ್ದೂ ಹಿಂದಿನ ರಾತ್ರಿಯೇ ನೋಡಿಬಿಡಿ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಾದಾಗ 3,000 ರೂಪಾಯಿ: ಒಂದು ವರ್ಷ ಅಥವಾ 200 ಸಲ ದಾಟುವುದು, ಯಾವುದು ಮೊದಲು ಮುಗಿಯುತ್ತೋ ಅದು. ಕಾಶಿಗೆ ಹೋಗಿ ಬರುವವರಿಗೆ ಇದು ಲಾಭವೇ. ಹೈವೇಯಲ್ಲಿ ಗಾಡಿ ಕೆಟ್ಟರೆ 1033, ಬೇರೆ ಏನೇ ಆದರೂ 112. ಈ ಎರಡು ನಂಬರು ಮೊಮ್ಮಗಳಿಗೂ ಬಾಯಿಗೆ ಬರಬೇಕು.

ಯಾರು ಎಲ್ಲಿ ಕೂರಬೇಕು

ನಾನು ಅತಿ ದೊಡ್ಡ ತಪ್ಪು ಮಾಡಿದ್ದು ಇಲ್ಲಿ. ಅಮ್ಮ, ನಮ್ಮ ಮನೆಯವರು, ಮೊಮ್ಮಗ ನಡುವಿನ ಸಾಲಿನಲ್ಲಿ. ಮಗನೂ ನಾನೂ ಮುಂದೆ. ಸೊಸೆ, ಮೊಮ್ಮಗಳು ಕೊನೇ ಸಾಲಿಗೆ. "ಅವರು ಚಿಕ್ಕವರು, ಹತ್ತಿ ಇಳಿಯೋಕೆ ಆಗುತ್ತೆ" ಅಂತ.

ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಕೇಳಿ, ಹಿಂದಿನ ಚಕ್ರದ ಮೇಲೆ ಕೂತರೆ ಏನಾಗುತ್ತೆ ಅಂತ. ಡ್ರೈವರ್‌ಗೆ ಗೊತ್ತೂ ಆಗದ ಗುಂಡಿ ಅಲ್ಲಿ ಕೂತವನನ್ನ ಅರ್ಧ ಅಡಿ ಮೇಲಕ್ಕೆತ್ತುತ್ತೆ. ತಿರುವಿನಲ್ಲಿ ಬಾಲ ಬೀಸಿದ ಹಾಗೆ ಬೀಸುತ್ತೆ. ಖವಾಸಾ ದಾಟಿ ಕುರಯಿ ಘಾಟಿ ಹತ್ತೋ ಹೊತ್ತಿಗೆ ಹಿಂದಿನಿಂದ ಸೊಸೆಯ ದನಿ: "ಮಾವ, ಸ್ವಲ್ಪ ನಿಲ್ಸಿ." ಅಷ್ಟರಲ್ಲಿ ಮೊಮ್ಮಗಳು ಕಕ್ಕಿಬಿಟ್ಟಿದ್ದಳು. ಅವಳ ಮೇಲೆ, ಸೊಸೆಯ ಸೀರೆಯ ಮೇಲೆ, ನಾಗಪುರದಲ್ಲಿ ತಗೊಂಡ ಕಿತ್ತಳೆ ಬುಟ್ಟಿಯ ಮೇಲೆ.

ಆ ಜಾಗ ನೋಡೋಕೆ ಬಹಳ ಚೆಂದ. ಪೆಂಚ್ ಹುಲಿ ಸಂರಕ್ಷಿತ ಪ್ರದೇಶ ಅದು. ಕಾಡುಪ್ರಾಣಿಗಳು ಅಡಿಯಿಂದ ದಾಟಲಿ ಅಂತ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ, ಅಕ್ಕಪಕ್ಕ ಸದ್ದು, ಬೆಳಕು ತಡೆಯುವ ಗೋಡೆ ಕಟ್ಟಿದ್ದಾರೆ. ಮೇಲೆ ಲಾರಿ, ಕೆಳಗೆ ಹುಲಿ. ಬೇರೆ ದಿನ ಆಗಿದ್ದರೆ ಮಕ್ಕಳಿಗೆ ಅರ್ಧ ಗಂಟೆ ಕಥೆ ಹೇಳಬಹುದಿತ್ತು. ಆದರೆ ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಸರಿಯಾದ ಜಾಗ ಸಿಗೋ ತನಕ ಎಲ್ಲರೂ ಕಿಟಕಿ ಇಳಿಸಿಕೊಂಡು, ಚಳಿಯಲ್ಲಿ, ಮೂಗು ಮುಚ್ಚಿಕೊಂಡು ಕೂತೆವು.

ಹಾಗಾಗಿ: ಕೊನೇ ಸಾಲಿಗೆ ಗಟ್ಟಿ ಹೊಟ್ಟೆಯವರು. ನಮ್ಮಲ್ಲಿ ಅದು ಮಗ. ವಾಂತಿ ಬರುವ ಮಗು ನಡುವಿನ ಸಾಲಿನಲ್ಲಿ, ಮುಂದಿನ ಗಾಜು ಕಾಣುವ ಹಾಗೆ, ದೂರ ನೋಡಿಕೊಂಡು ಕೂರಲಿ. ಕೈಗೆ ಫೋನು ಕೊಡಬೇಡಿ. ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ. ವಾಂತಿಯ ಮಾತ್ರೆ ಯಾವುದು, ಎಷ್ಟು ಅಂತ ಊರಲ್ಲೇ ಮಕ್ಕಳ ಡಾಕ್ಟರನ್ನ ಕೇಳಿಕೊಂಡು ಬನ್ನಿ. ಕೊಡುವುದಾದರೆ ಹೊರಡುವ ಮುಂಚೆಯೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ವಾಂತಿಯ ಜೊತೆಗೇ ಆಚೆ ಬರುತ್ತೆ. ಪ್ರತಿ ಸೀಟಿನ ಜೇಬಿನಲ್ಲೂ ಎರಡು ಪ್ಲಾಸ್ಟಿಕ್ ಕವರು, ಒಂದು ಹಳೇ ಪಂಚೆಯ ತುಂಡು. ನಿಂಬೆಹಣ್ಣು ಮೂಸಿದರೆ ಎಷ್ಟು ಉಪಯೋಗವೋ ಕಾಣೆ, ನಮ್ಮ ಮನೆಯವರು ನಂಬುತ್ತಾರೆ, ಹಾಗಾಗಿ ಅದೂ ಇರುತ್ತೆ.

ವಯಸ್ಸಾದವರು ಎಡಗಡೆ ಬಾಗಿಲ ಪಕ್ಕ. ಇಳಿಯುವಾಗ ರಸ್ತೆಯ ಕಡೆ ಇಳಿಯಬಾರದು, ಅದಕ್ಕೆ. ಸಣ್ಣ ಮಗುವಿಗೆ ಮಕ್ಕಳ ಸೀಟು ಕಟ್ಟಿ. ಮಡಿಲಲ್ಲಿ ಕೂರಿಸಿಕೊಂಡರೆ ಮಗುವಿಗೂ ಅಪಾಯ, ಮಧ್ಯಾಹ್ನದ ಹೊತ್ತಿಗೆ ಹಿಡಿದವರ ಸೊಂಟಕ್ಕೂ ಅಪಾಯ.

ಅಮ್ಮ ನೀರು ಕುಡಿಯಲಿಲ್ಲ

ಸಿವನಿಯಲ್ಲಿ ಹತ್ತೂವರೆಗೆ ನಿಂತೆವು. ಅಲ್ಲೆಲ್ಲ ಬೆಳಗ್ಗೆ ಪೋಹಾ, ಜಿಲೇಬಿ. ಪೋಹಾ ಅಂದರೆ ನಮ್ಮ ಒಗ್ಗರಣೆ ಅವಲಕ್ಕಿ, ಮೇಲೆ ಖಾರಾ ಸೇವು. ಅಮ್ಮ ಎರಡು ಚಮಚ ತಿಂದು ತಟ್ಟೆ ಸರಿಸಿದರು. ನೀರು ಬೇಡ ಅಂದರು. ಟೀ ಬೇಡ ಅಂದರು. "ಹೊಟ್ಟೆ ತುಂಬಿದೆ ಕಣಪ್ಪ" ಅಂದರು. ನಾನು ನಂಬಿದೆ. ಖುಷಿಯೂ ಆಯಿತು, ಬೇಗ ಹೊರಡಬಹುದು ಅಂತ.

ಮಧ್ಯಾಹ್ನ ಅವರ ತುಟಿ ಒಣಗಿ ಬಿರಿದಿತ್ತು, ತಲೆನೋವು ಅಂತ ಸೆರಗು ಬಿಗಿದು ಕಟ್ಟಿಕೊಂಡಿದ್ದರು. ಆಗ ನಮ್ಮ ಮನೆಯವರು ನನ್ನ ಕಿವಿಯಲ್ಲಿ ಹೇಳಿದರು. ನಾಗಪುರಕ್ಕೆ ಬರುವ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಟಾಯ್ಲೆಟ್ಟಿನಲ್ಲಿ ಅಮ್ಮ ಕೂತರೆ ಏಳೋಕಾಗದೆ ಹತ್ತು ನಿಮಿಷ ಒದ್ದಾಡಿದ್ದರಂತೆ. ಮಂಡಿ ನೋವು. ಮಗನ ಹತ್ತಿರ ಇಂಥದ್ದು ಹೇಳೋದು ಹೇಗೆ ಅಂತ ನೀರು ಕುಡಿಯೋದನ್ನೇ ಬಿಟ್ಟಿದ್ದರು.

29 ವರ್ಷದಲ್ಲಿ ನನ್ನ ಹಿಂದೆ ಲಕ್ಷಾಂತರ ಜನ ಕೂತಿದ್ದಾರೆ. ಅವರಿಗೆ ಏನಾಗುತ್ತಿದೆ ಅಂತ ನಾನು ಯಾವತ್ತೂ ಹಿಂದೆ ತಿರುಗಿ ನೋಡಿದವನಲ್ಲ, ನೋಡಬೇಕಾಗಿಯೂ ಇರಲಿಲ್ಲ, ಕಂಡಕ್ಟರ್ ಇದ್ದ. ಯಾರಿಗೋ ತಲೆ ಸುತ್ತಿದರೆ, ಮುದುಕಿಗೆ ಅವಸರ ಆದರೆ ಅವನೇ ಬಂದು "ಅಣ್ಣ, ಮುಂದೆ ಸ್ವಲ್ಪ ಸೈಡಿಗೆ ಹಾಕು" ಅನ್ನುತ್ತಿದ್ದ. ಒಂದು ಸೀಟಿ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ನಮ್ಮ ಎರ್ಟಿಗಾದಲ್ಲಿ ಡ್ರೈವರ್ ಇಬ್ಬರಿದ್ದರು, ಕಂಡಕ್ಟರ್ ಇರಲಿಲ್ಲ. ಡ್ರೈವರ್ ಸುಸ್ತಾದರೆ ಎಲ್ಲರಿಗೂ ಕಾಣುತ್ತೆ. ಹಿಂದೆ ಕೂತವರ ಸುಸ್ತು ಅವರು ಬಾಯಿ ಬಿಟ್ಟರೆ ಉಂಟು. ನಮ್ಮ ಹೆಂಗಸರು, ಅದರಲ್ಲೂ ವಯಸ್ಸಾದವರು, ತಮ್ಮಿಂದ ಗಾಡಿ ನಿಂತಿತು ಅನ್ನಿಸಿಕೊಳ್ಳೋಕೆ ಒಪ್ಪಲ್ಲ.

ಅದಕ್ಕೇ ಯಾರೂ ಕೇಳುವ ಮುಂಚೆ ನಿಲ್ಲಿಸಿ. ಎರಡು ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು. "ಯಾರಿಗಾದರೂ ಹೋಗಬೇಕಾ?" ಅಂತ ಕೇಳಬೇಡಿ, ಕೇಳಿದರೆ ಎಲ್ಲರೂ ಬೇಡ ಅಂತಾರೆ. ಸುಮ್ಮನೆ ನಿಲ್ಲಿಸಿ, "ಟೈರು ನೋಡಬೇಕು" ಅನ್ನಿ. ಇಳಿದವರು ನೂರು ಹೆಜ್ಜೆ ನಡೆಯಲಿ, ಕಾಲು ಊದಿಕೊಳ್ಳೋದು ಅದರಿಂದ ಎಷ್ಟೋ ತಡೆಯುತ್ತೆ. ಮಡಚುವ ಕಮೋಡ್ ಸ್ಟೂಲು ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತೆ, ಭಾರತೀಯ ಶೈಲಿಯ ಟಾಯ್ಲೆಟ್ಟಿನ ಮೇಲೆ ಇಟ್ಟರೆ ಆಯಿತು. ಅದೊಂದು ವಸ್ತು ನಮ್ಮ ಹತ್ತಿರ ಇದ್ದಿದ್ದರೆ ಆ ದಿನವೇ ಬೇರೆ ಆಗುತ್ತಿತ್ತು. ಜೊತೆಗೆ ಒಂದು ಮಗ್ಗು, ಸೋಪು, ಟಾರ್ಚು, ನೀರಿಗೆ ಹೆದರದ ಚಪ್ಪಲಿ. ಬಿಪಿಗೆ ನೀರಿಳಿಸುವ ಮಾತ್ರೆ ತಗೊಳ್ಳುವವರಿದ್ದರೆ ಪ್ರಯಾಣದ ದಿನ ಯಾವ ಹೊತ್ತಿಗೆ ತಗೋಬೇಕು ಅಂತ ಡಾಕ್ಟರನ್ನ ಕೇಳಿ. ತಾವಾಗಿಯೇ ಬಿಡುವುದು ಬೇಡ.

ಊಟದ ವಿಷಯ ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಮೂರನೇ ದಿನಕ್ಕೆ ಮನೆಯ ಚಪಾತಿ ಮುಗಿದಿರುತ್ತೆ. ಗೊಜ್ಜು, ಚಟ್ನಿಪುಡಿ, ಹುರಿದ ಅವರೆಬೇಳೆ, ನಿಪ್ಪಟ್ಟು ಕೆಡಲ್ಲ. ಢಾಬಾದಲ್ಲಿ "ಸಾದಾ ಚಾವಲ್, ದಹಿ" ಅಂದರೆ ಅನ್ನ ಮೊಸರು ಬರುತ್ತೆ. ಅದಕ್ಕೆ ನಮ್ಮ ಗೊಜ್ಜು ಕಲಸಿಕೊಟ್ಟರೆ ಹಿರಿಯರು ಊಟ ಮಾಡುತ್ತಾರೆ. ಭಾಷೆ ಬಗ್ಗೆ ಚಿಂತೆ ಬೇಡ. ಆದಿಲಾಬಾದ್ ತನಕ ತೆಲುಗು ಸಾಕು, ಆಮೇಲೆ ಮುರುಕು ಹಿಂದಿ ನಡೆಯುತ್ತೆ.

ಲಖನಾದೌನ್‌ನಲ್ಲಿ ಬಲಕ್ಕೆ

ಇದನ್ನ ಬರೆದಿಟ್ಟುಕೊಳ್ಳಿ. ನಾವು ಕನ್ಯಾಕುಮಾರಿ–ಶ್ರೀನಗರದ ಆ 44ನ್ನೇ ಹಿಡಿದು ಬಂದಿರುತ್ತೀವಿ. ಲಖನಾದೌನ್ ಆದಮೇಲೆ ಅದು ನರಸಿಂಗಪುರ, ಸಾಗರ್ ಕಡೆ ಹೋಗುತ್ತೆ. ಜಬಲ್‌ಪುರಕ್ಕೆ ಅಲ್ಲಿ 34ನೇ ನಂಬರಿಗೆ ತಿರುಗಬೇಕು. ನಮ್ಮ ಮಗ ಫೋನಿನಲ್ಲಿ ಮೊಮ್ಮಗನಿಗೆ ಕಾರ್ಟೂನು ಹಾಕಿಕೊಟ್ಟಿದ್ದ, ಅದೇ ಫೋನು ದಾರಿ ತೋರಿಸಬೇಕಾಗಿತ್ತು. ಹದಿನಾಲ್ಕು ಕಿಲೋಮೀಟರ್ ಮುಂದೆ ಹೋದಮೇಲೆ ಬೋರ್ಡಿನಲ್ಲಿ ಜಬಲ್‌ಪುರವೇ ಇಲ್ಲ ಅಂತ ಕಂಡಿತು. ಹೋಗಿ ಬಂದು 28. ದಾರಿಯ ಫೋನು ದಾರಿಗೆ ಮಾತ್ರ, ಕಾರ್ಟೂನಿಗೆ ಬೇರೆ. ಕಾಡಿನಲ್ಲಿ ಸಿಗ್ನಲ್ ಹೋಗುತ್ತೆ, ಮ್ಯಾಪನ್ನ ಮೊದಲೇ ಇಳಿಸಿಕೊಂಡಿರಿ. ತಿರುವಿನ ಊರುಗಳ ಹೆಸರು ಒಂದು ಚೀಟಿಯಲ್ಲಿ ಬರೆದು ಮುಂದೆ ಅಂಟಿಸಿ.

ಜಬಲ್‌ಪುರ ಹತ್ತಿರ ಬಂದಾಗ ಮೂರು ಗಂಟೆ. ಕಾಶಿ ಇವತ್ತು ಆಗಲ್ಲ ಅಂತ ಎಲ್ಲರಿಗೂ ಗೊತ್ತಾಗಿತ್ತು, ಯಾರೂ ಹೇಳಲಿಲ್ಲ. ಅಲ್ಲೇ ರೂಮು ಮಾಡಿದ್ದರೆ ಈ ಬರಹದ ಅವಶ್ಯಕತೆಯೇ ಇರುತ್ತಿರಲಿಲ್ಲ. ಮಗ "ಭೇಡಾಘಾಟ್ ನೋಡ್ಕೊಂಡು ಹೋಗೋಣ ಅಪ್ಪ, ಅರ್ಧ ಗಂಟೆ" ಅಂದ. ನಾನು ರೇಗಿದೆ. ಅಮ್ಮ "ನರ್ಮದೆ ಅಲ್ವೇನೋ ಅದು?" ಅಂದರು. ಅಲ್ಲಿಗೆ ಮುಗೀತು.

ನರ್ಮದೆ ಧುಂವಾಧಾರ್‌ನಲ್ಲಿ ಹೊಗೆ ಎಬ್ಬಿಸಿಕೊಂಡು ಜಲಪಾತವಾಗಿ ಬೀಳುತ್ತಾಳೆ, ಕೆಳಗೆ ಅಮೃತಶಿಲೆಯ ಕೊರಕಲು. ಅಮ್ಮ ಕೈಲಿ ಒಂದು ಬೊಗಸೆ ನೀರು ತಗೊಂಡು ತಲೆಗೆ ಚಿಮುಕಿಸಿಕೊಂಡರು. ಮನೆಗೆ ಬಂದಮೇಲೂ ಅವರು ಊರವರಿಗೆ ಹೇಳೋದು ಕಾಶಿಗಿಂತ ಇದನ್ನೇ ಜಾಸ್ತಿ. ಹಾಗಾಗಿ ದಾರಿ ಬಿಟ್ಟು ಹೋಗಬೇಡಿ ಅಂತ ನಾನು ಹೇಳಲಾರೆ. ಹೋಗಿ. ಆದರೆ ಹೋದರೆ ಆ ದಿನ ಅಲ್ಲಿಗೇ ಮುಗಿಸಿ, ರಾತ್ರಿ ಅಲ್ಲೇ ಇರಿ. ನಾವು ಐದೂಕಾಲಿಗೆ ಹೊರಟು ಕತ್ತಲೆಗೆ ಮುಖ ಮಾಡಿದೆವು.

ಕತ್ತಲಾದ ಮೇಲೆ

ಜಬಲ್‌ಪುರದಿಂದ ಮೈಹರ್‌ಗೆ 160 ಕಿಲೋಮೀಟರ್. ರಸ್ತೆ ಒಳ್ಳೆಯದೇ. ಆದರೆ ಚಳಿಗಾಲದ ರಾತ್ರಿ ದನಗಳು ಟಾರಿನ ಬಿಸಿಗೆ ರಸ್ತೆಯ ಮೇಲೆಯೇ ಮಲಗುತ್ತವೆ. ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರಾಲಿಗಳು, ಎದುರುಬದಿಯಲ್ಲಿ ಬರುವ ಬೈಕುಗಳು. ಹಗಲು 90ರಲ್ಲಿ ಹೋಗುವ ಕಡೆ ರಾತ್ರಿ 60 ಮೀರಬೇಡಿ.

ಕಟನಿ ದಾಟಿದ ಮೇಲೆ ಮಗ ಓಡಿಸುತ್ತಿದ್ದ. ನಾನು ಪಕ್ಕದಲ್ಲಿ. ಗಾಡಿ ನಿಧಾನಕ್ಕೆ ಎಡಕ್ಕೆ ವಾಲುತ್ತಾ ಹೋಗಿ ಅಂಚಿನ ಬಿಳಿಪಟ್ಟಿಯ ಮೇಲೆ ಚಕ್ರ ಹತ್ತಿ ದರ್ರ್ ಅಂತು. "ಲೋ!" ಅಂದೆ. "ಇಲ್ಲಪ್ಪ, ಎಚ್ಚರವಾಗೇ ಇದ್ದೀನಿ" ಅಂದ. ಈ ಮಾತು ನಾನು ಬಹಳ ಜನ ಡ್ರೈವರುಗಳ ಬಾಯಲ್ಲಿ ಕೇಳಿದ್ದೀನಿ. ಅವನಿಗೆ ನಿಜವಾಗಿಯೂ ಗೊತ್ತಾಗಿರಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ 22 ಮೀಟರ್ ಹೋಗುತ್ತೆ. ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ 66 ಮೀಟರ್ ಯಾರೂ ಓಡಿಸದ ಗಾಡಿ.

ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು, ಮುಖಕ್ಕೆ ನೀರು ಹಾಕೋದು, ಇವೆಲ್ಲ ಹತ್ತು ನಿಮಿಷದ ಆಟ. ನಿದ್ದೆಗೆ ನಿದ್ದೆಯೇ ಮದ್ದು. ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ಹಾಕಿ ಇಪ್ಪತ್ತು ನಿಮಿಷ ಮಲಗಿ. ಹೈವೇ ಅಂಚಿನಲ್ಲಿ ನಿಲ್ಲಿಸಿ ಮಲಗಬೇಡಿ. ರಾತ್ರಿ ಎರಡರಿಂದ ಐದು, ಮಧ್ಯಾಹ್ನ ಊಟ ಆದಮೇಲಿನ ಒಂದು ಎರಡು ಗಂಟೆ, ಇವು ರೆಪ್ಪೆ ಎಳೆಯೋ ಹೊತ್ತು. ಇಬ್ಬರು ಡ್ರೈವರಿದ್ದರೆ ಓಡಿಸದವನು ಮುಂದೆ ಕೂತು ಬುದ್ಧಿ ಹೇಳಬಾರದು, ಹಿಂದೆ ಹೋಗಿ ಮಲಗಬೇಕು. ನಾವಿಬ್ಬರೂ ಇಡೀ ದಿನ ಮುಂದೆ ಕೂತು, ಒಬ್ಬರ ಬ್ರೇಕು ಇನ್ನೊಬ್ಬರು ಒತ್ತಿಕೊಂಡು, ಇಬ್ಬರೂ ಒಟ್ಟಿಗೇ ಸುಸ್ತಾಗಿದ್ದೆವು. ಮುಂದಿನ ಸೀಟು ನಮ್ಮ ಮನೆಯವರಿಗೆ ಬಿಡಬೇಕಿತ್ತು. ಅವರು ಮಾತಾಡಿದರೆ ಯಾರಿಗೂ ನಿದ್ದೆ ಬರಲ್ಲ.

ಬಂಕಿನಲ್ಲಿ ಇಳಿದು ಸ್ಟೇರಿಂಗಿಗೆ ಜಗಳ ಆಡಿದೆವು. ಅವನಿಗೆ ನಾನು ಮುದುಕ, ನನಗೆ ಅವನು ಹುಡುಗ. ಸೊಸೆ ಹಿಂದಿನಿಂದ ಇಳಿದು ಬಂದು, ಬೆಳಗಿನ ಘಾಟಿ ಆದಮೇಲೆ ಒಂದು ಮಾತೂ ಆಡದವಳು, "ಮುಂದಿನ ಊರಲ್ಲಿ ರೂಮು ನೋಡಿ ಮಾವ, ಇಲ್ಲಾಂದ್ರೆ ನಾವು ನಾಲ್ಕು ಜನ ಇಲ್ಲೇ ಇಳೀತೀವಿ" ಅಂದಳು. ರೀವಾಗೆ ಇನ್ನೂ ನೂರು ಕಿಲೋಮೀಟರ್ ಮೇಲಿತ್ತು. ಮುಂದಿನ ಊರು ಮೈಹರ್.

ರಾತ್ರಿ ತಡವಾದರೆ ದೊಡ್ಡ ಊರು ಹುಡುಕಬೇಡಿ, ದೇವಸ್ಥಾನದ ಊರು ಹುಡುಕಿ. ಯಾತ್ರೆಯ ಜನ ಬರುವ ಕಡೆ ಲಾಡ್ಜು, ಧರ್ಮಶಾಲೆ, ಬಿಸಿ ಹಾಲು ತಡರಾತ್ರಿಯೂ ಸಿಗೋ ಸಂಭವ ಜಾಸ್ತಿ. ಮೈಹರ್‌ನಲ್ಲಿ ಗುಡ್ಡದ ಮೇಲೆ ಶಾರದಾ ದೇವಿ. ಯಾವ ದೇವಸ್ಥಾನ ಅಂತ ಅಮ್ಮ ಕೇಳಿದರು, ಹೇಳಿದೆ. "ಶೃಂಗೇರಿ ಶಾರದೆ ಇಲ್ಲಿಗೂ ಬಂದಿದ್ದಾಳಾ" ಅಂದು, ಎರಡು ಲೋಟ ನೀರು ಕುಡಿದು ಮಲಗಿದರು. ಆ ಲಾಡ್ಜಿನಲ್ಲಿ ಕಮೋಡ್ ಇತ್ತು.

ಮಾರನೇ ಬೆಳಗ್ಗೆ

ಎದ್ದು ನೋಡಿದರೆ ಎದುರಿನ ಅಂಗಡಿ ಕಾಣದಷ್ಟು ಮಂಜು. ಹಿಂದಿನ ರಾತ್ರಿ ರೀವಾ ಕಡೆ ಹೋಗಿದ್ದರೆ ಇದರೊಳಗೇ ಸಿಕ್ಕಿಕೊಳ್ಳುತ್ತಿದ್ದೆವೇನೋ. ಮಂಜಿನಲ್ಲಿ ಓಡಿಸಲೇಬೇಕಾದರೆ ಲೈಟು ಡಿಮ್ಮಿನಲ್ಲಿರಲಿ, ಹೈಬೀಮ್ ಹಾಕಿದರೆ ಬಿಳಿ ಗೋಡೆ ಎದ್ದು ನಿಲ್ಲುತ್ತೆ. ಓಡುವ ಗಾಡಿಗೆ ನಾಲ್ಕೂ ಇಂಡಿಕೇಟರ್ ಹಾಕಬೇಡಿ, ನಿಂತಿದೆಯೋ ಹೋಗುತ್ತಿದೆಯೋ ಅಂತ ಹಿಂದಿನವನಿಗೆ ತಿಳಿಯಲ್ಲ. ಅದಕ್ಕಿಂತ ಒಳ್ಳೆಯದು ಕಾಯೋದು. ನಾವು ಒಂಬತ್ತೂವರೆ ತನಕ ಕಾದೆವು, ಒಳ್ಳೆ ಶುಂಠಿ ಟೀ ಸಿಕ್ಕಿತು.

ರೀವಾ ಆದಮೇಲೆ ಸಿಗುವ ಹನುಮನಾ ಅನ್ನೋ ಊರು ದಾಟಿದ ಮೇಲೆ ಡ್ರಮ್ಮಂಡ್‌ಗಂಜ್ ಘಾಟಿ ಇಳಿಯಬೇಕು. ಸಣ್ಣ ಗೇರಿನಲ್ಲಿ ಇಳಿಸಿ, ಬ್ರೇಕು ಒತ್ತಿಕೊಂಡೇ ಹೋಗಬೇಡಿ, ಬಿಸಿಯಾಗಿ ಕೈಕೊಡುತ್ತೆ.

ಹೊರಡುವಾಗ ಸೀಟು ಬದಲಾಯಿಸಿದೆವು. ಮಗ ಕೊನೇ ಸಾಲಿಗೆ ಹೋಗಿ ಮಲಗಿದ. ನಮ್ಮ ಮನೆಯವರು ಮುಂದೆ ಬಂದರು. ಮೊಮ್ಮಗಳನ್ನ ನಡುವೆ ಅಮ್ಮನ ಪಕ್ಕ ಕೂರಿಸಿ ಕಂಡಕ್ಟರ್ ಮಾಡಿದೆ. ದೇವಸ್ಥಾನದ ಬೀದಿಯಲ್ಲಿ ಹತ್ತು ರೂಪಾಯಿಗೆ ಸೀಟಿ ಸಿಕ್ಕಿತು. ಒಂದು ನೋಟ್‌ಬುಕ್ಕು ಕೊಟ್ಟು ನಮ್ಮ ಟ್ರಿಪ್ ಶೀಟಿನ ಹಾಗೆ ಗೆರೆ ಹಾಕಿಕೊಟ್ಟೆ: ಬಿಟ್ಟ ಸಮಯ, ನಿಂತ ಜಾಗ, ಯಾರು ನೀರು ಕುಡಿದರು. ಎರಡು ಗಂಟೆಗೊಮ್ಮೆ ಅವಳು "ಹೋಲ್ಡಾನ್" ಅಂದರೆ ನಿಲ್ಲಿಸಲೇಬೇಕು, ತಾತನೂ ಎದುರಾಡುವಂತಿಲ್ಲ.

ಆ ಪುಸ್ತಕ ಈಗಲೂ ಗಾಡಿಯಲ್ಲಿದೆ. ಆ ದಿನದ ಪುಟದಲ್ಲಿ ಮೈಹರ್ 9:35, ರೀವಾ 11:20, ಹನುಮನಾ 1:30, ಮಿರ್ಜಾಪುರ ಗಂಗೆ 4:05 ಅಂತಿದೆ. ಮುತ್ತಜ್ಜಿ ನೀರು ಆರು ಸಲ. ತಾತನ ಹೆಸರಿನ ಮುಂದೆ ಟೀ ನಾಲ್ಕು, ರೇಗಿದ್ದು ಒಂದು.